ಹಿಮ್ಮಡಿ ಮುಳುಗುವಷ್ಟು ನೀರು

ಮಾರ್ಚ್ 3, ಬೆಳಿಗ್ಗೆ

ಐದಕ್ಕೆ ಎದ್ದೆ. ಮೊಣಕಾಲು ಐದೂವರೆಗೆ ಎದ್ದಿತು. ಹೊಲ ಸುತ್ತಿ ಬಂದೆ. ಕೆಳಗಿನ ತುಂಡಿನಲ್ಲಿ ಬಿಳುಪು ಇನ್ನೂ ಎರಡು ಮಾರು ಮುಂದೆ ಬಂದಿದೆ. ಯಾರೋ ಹಿಟ್ಟು ಚೆಲ್ಲಿದ ಹಾಗೆ. ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿದೆ. ಉಪ್ಪು. ಗೊತ್ತಿದ್ದದ್ದೇ, ಆದರೂ ನೋಡಿದೆ. ಅಲ್ಲಿಯ ಗೋಧಿ ಗೇಣುದ್ದ ಬಂದು, ಹಳದಿಯಾಗಿ, ಅಷ್ಟಕ್ಕೇ ನಿಂತಿದೆ.

ಟೀ ಕುಡಿಯುವಾಗ ಮಗ ಬಾಯಿಬಿಟ್ಟ. ಕಾಲುವೆಯನ್ನು ಪಶ್ಚಿಮಕ್ಕೆ ಇನ್ನೂ ಮುಂದೆ ಒಯ್ದಿದ್ದಾರಂತೆ. ಹೊಸ ನೆಲ. ಬಸ್ಸಿನಲ್ಲಿ ನಾಲ್ಕು ಗಂಟೆ. ಆಗಲೇ ನೋಡಿ ಬಂದಿದ್ದಾನೆ.

"ಇದನ್ನ ಕೊಟ್ಟು ಅದನ್ನ ತಗೊಳ್ಳೋಣ ಅಮ್ಮ. ನೀನೊಂದು ಸೈನ್ ಹಾಕಿದ್ರೆ ಮುಗೀತು."

ಹೊಲ ನನ್ನ ಹೆಸರಿನಲ್ಲಿದೆ. ಪೇಪರ್ ತಾ, ನೋಡೋಣ ಅಂದೆ. ನಮಗಿದು ಹೊಸದಲ್ಲ. ಯಜಮಾನರ ತಾತ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಬಂದರು. ಮಾವ ಲಾರಿಯಲ್ಲಿ — ಆಗ ನಾನು ಹೊಸ ಸೊಸೆ, ಪಾತ್ರೆ ಮೂಟೆಯ ಮೇಲೆ ಕೂತು ಬಂದೆ. ಇಪ್ಪತ್ತೆರಡು ವರ್ಷದ ಹಿಂದೆ ಯಜಮಾನರು, ನಾನು, ಟ್ರಾಕ್ಟರ್. ಕಾಲುವೆ ಮುಂದೆ ಹೋದ ಹಾಗೆ ನಾವೂ. ನೆಲ ಸತ್ತರೆ ಅದರ ಪಕ್ಕ ಕೂತು ಅಳುವ ಮನೆತನವಲ್ಲ ನಮ್ಮದು.

ಆದರೆ ಈ ಸಲ ಟ್ರಂಕು ಎತ್ತುವವರು ಯಾರೋ. ನನ್ನ ಕೈಲಂತೂ ಆಗದು.

ಸೊಸೆ ಲೋಟವನ್ನು ಸ್ವಲ್ಪ ಜೋರಾಗಿ ಇಟ್ಟಳು.

ಮಾರ್ಚ್ 6

ನನ್ನನ್ನು ಕೇಳದೆ ಸೊಸೆ ಮಣ್ಣು ಪರೀಕ್ಷೆಯವಳನ್ನು ಕರೆಸಿದ್ದಾಳೆ, ಮಹಾರಾಯಿತಿ. ಬಂದದ್ದು ಇಷ್ಟೇ ಇಷ್ಟಿರುವ ಹುಡುಗಿ. ಬೂಟು ತುಂಬ ಕೆಸರು. ನೆಲ ಕೊರೆಯುವ ಉದ್ದನೆಯ ಕಬ್ಬಿಣದ ತಿರುಪನ್ನು ಬಿಳುಪಿನ ನಡುವೆ ಇಳಿಸಿದಳು. ಒಂದು ತೋಳುದ್ದ ಹೋಗಿತ್ತೋ ಇಲ್ಲವೋ, ಗುಳಿಯಲ್ಲಿ ನೀರು ಜಿನುಗಿತು.

"ಎಷ್ಟು ನೀರು ಕಟ್ತೀರಮ್ಮ?"

"ಹಿಮ್ಮಡಿ ಮುಳುಗೋಷ್ಟು."

ಅದು ನಮ್ಮ ಮನೆಯ ಅಳತೆ. ಅತ್ತೆ ನನಗೆ ಹೇಳಿಕೊಟ್ಟದ್ದು. ನಾನು ಸೊಸೆಗೆ, ಮದುವೆಯಾಗಿ ಬಂದ ಮೊದಲ ವಾರವೇ, ಸೀರೆ ಎತ್ತಿ ಕಟ್ಟಿಸಿ, ಹೊಲದಲ್ಲಿ ನಿಲ್ಲಿಸಿ ಹೇಳಿಕೊಟ್ಟಿದ್ದೇನೆ. ಜಿಪುಣರ ಹಾಗೆ ನೀರು ಕಟ್ಟುವುದು ನಮ್ಮಲ್ಲಿಲ್ಲ. ಒಂದು ಜಾಗ ಬಿಟ್ಟು ಹೊರಡುವಾಗಲೂ ಕೊನೆಯ ಸಲ ಹೊಲ ತುಂಬಿಸಿ, ಕಾಲುವೆಯ ತೂಬು ಮುಚ್ಚಿ, ಆಮೇಲೆ ಗಾಡಿ ಹತ್ತುತ್ತೇವೆ. ಬಾಯಾರಿದ ನೆಲ ಬಿಟ್ಟು ಹೋದರು ಅನ್ನಿಸಿಕೊಳ್ಳಬಾರದು. ಹಳೆಯ ಜಾಗ ಬಿಡುವಾಗ ಆ ಕೆಲಸ ನನ್ನದು. ಇಡೀ ದಿನ ನಿಂತು ಮಾಡಿದ್ದೆ.

ಹುಡುಗಿ ಕೇಳಿಸಿಕೊಂಡು ತಲೆ ಆಡಿಸಿದಳು. "ಉಪ್ಪು ಮೊದಲೇ ಕೆಳಗಡೆ ಇರುತ್ತೆ. ನೀವು ಮೇಲಿಂದ ಸುರಿದಷ್ಟೂ ಕೆಳಗಿನ ನೀರು ಏರುತ್ತೆ, ಉಪ್ಪನ್ನೂ ಎತ್ತಿಕೊಂಡು ಬರುತ್ತೆ. ಬಿಸಿಲಿಗೆ ನೀರು ಹೋಗುತ್ತೆ. ಉಪ್ಪು ಉಳಿಯುತ್ತೆ. ಹಿಂದಿನ ಜಾಗದಲ್ಲೂ ಹೀಗೇ ಆಯ್ತಾ?"

"ಆಯ್ತು."

"ಅದಕ್ಕೂ ಹಿಂದೆ?"

"ಆ ಕಡೆಯ ನೆಲದ ಗುಣವೇ ಅದು. ನೀನು ಹುಟ್ಟೋಕೆ ಮೊದಲಿಂದ ನೀರು ಕಟ್ಟಿದೀನಿ. ನನಗೆ ಪಾಠ ಬೇಡ."

ಹುಡುಗಿ ಹೊಲದ ನಕ್ಷೆ ಬರೆದು ಸೊಸೆಯ ಕೈಗೆ ಕೊಟ್ಟು ಹೋದಳು. ಟೀ ಕೊಡಲು ನಾನು ಹೇಳಲಿಲ್ಲ. ಸೊಸೆ ಕೊಟ್ಟಳು.

ಮಾರ್ಚ್ 7

ಊಟ ಅರ್ಧಕ್ಕೇ ನಿಂತಿತು. ಸೊಸೆಯ ಲೆಕ್ಕ ಹೀಗೆ — ಹೊಲದ ಉದ್ದಕ್ಕೂ ಆಳವಾದ ಬಸಿಗಾಲುವೆ ತೋಡಬೇಕು, ಕೆಳಗಿನ ನೀರು ಹಳ್ಳಕ್ಕೆ ಇಳಿಯಬೇಕು, ನೀರು ಕಟ್ಟುವುದು ಅರ್ಧ ಆಗಬೇಕು. ಮೂರು ವರ್ಷ.

"ಮೂರು ವರ್ಷ ಮಣ್ಣು ತಿನ್ನೋದಾ?" ಅಂದ ಮಗ.

"ಮೇಲಿನ ತುಂಡು ಚೆನ್ನಾಗೇ ಇದೆಯಲ್ಲ."

"ನೆಲ ಸತ್ತರೆ ಪಕ್ಕದಲ್ಲಿ ಕೂತು ಅಳೋ ಮನೆತನ ಅಲ್ಲ ಕಣೇ ನಮ್ಮದು."

ನನ್ನದೇ ಮಾತು. ಅವನ ಬಾಯಲ್ಲಿ ಯಾಕೋ ಚೆನ್ನಾಗಿ ಕೇಳಿಸಲಿಲ್ಲ.

ಸೊಸೆ ನನ್ನ ಕಡೆ ತಿರುಗಿದಳು. "ಅತ್ತೆ, ನೀವು ಹೇಳಿದ ಹಾಗೇ ಹನ್ನೊಂದು ವರ್ಷ ನೀರು ಕಟ್ಟಿದೀನಿ. ಒಂದು ದಿನ ಎದುರು ಮಾತಾಡಿಲ್ಲ. ಒಂದು ಸಲ ಹಳೇ ಜಾಗ ನೋಡಿ ಬನ್ನಿ. ಅದು ಇವತ್ತೂ ಸತ್ತೇ ಬಿದ್ದಿದ್ರೆ ಮೊದಲ ಟ್ರಂಕು ನಾನೇ ಕಟ್ತೀನಿ."

ಬಿಟ್ಟ ಜಾಗವನ್ನು ತಿರುಗಿ ನೋಡುವ ಪದ್ಧತಿ ನಮ್ಮಲ್ಲಿಲ್ಲ ಅಂದೆ.

"ಗೊತ್ತು," ಅಂದಳು. ತಟ್ಟೆ ಎತ್ತಿಕೊಂಡು ಹೋದಳು.

ಮಾರ್ಚ್ 12, ಸಂಜೆ, ಬಸ್ ನಿಲ್ದಾಣ

ಹಳೆಯ ಜಾಗಕ್ಕೆ ಹೋಗಿದ್ದೆ. ಮಗನಿಗೆ ಕಣ್ಣಿನ ಡಾಕ್ಟರ ಹತ್ತಿರ ಅಂತ ಸುಳ್ಳು. ವಾಪಸ್ ಬಸ್ಸು ಇನ್ನೂ ಒಂದು ಗಂಟೆ. ಈಗಲೇ ಬರೆಯುತ್ತೇನೆ. ಮನೆಗೆ ಹೋದರೆ ಬರೆಯಲಾರೆ.

ಗೋಧಿ ನಿಂತಿದೆ. ನನ್ನ ಎದೆಮಟ್ಟ. ನಾವು ಬಿಟ್ಟಾಗ ಹುಲ್ಲು ಕೂಡ ಮೊಳೆಯದ ಅದೇ ತುಂಡಿನಲ್ಲಿ.

ಅದನ್ನು ಕೊಂಡದ್ದು ಪಕ್ಕದ ಹೊಲದ ಮೊಂಡ. ಎಲ್ಲರೂ ಹೊರಟಾಗ ಅವನೊಬ್ಬ ಕದಲಲಿಲ್ಲ, ಅದಕ್ಕೇ ಆ ಹೆಸರು. ಇಟ್ಟವಳು ನಾನೇ. ಈಗ ಹಲ್ಲಿಲ್ಲ. ನನ್ನ ಗುರುತು ಹಿಡಿದ.

"ಓ, ಪಶ್ಚಿಮದ ಅಕ್ಕ. ದಾರಿ ತಪ್ಪಿ ಪೂರ್ವಕ್ಕೆ ಬಂದ್ರಾ?"

"ಬಸ್ಸು ತಪ್ಪಿತು."

ನಕ್ಕ. ಬಸಿಗಾಲುವೆ ತೋರಿಸಿದ — ಆಳೆತ್ತರ, ತಳದಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು. ಇಷ್ಟೇನಾ ಅಂದೆ. "ಇಷ್ಟೇ ಅಕ್ಕ. ನೀವು ಹೋಗುವಾಗ ಪ್ರೀತಿಯಿಂದ ತುಂಬಿಸಿ ಹೋದ್ರಲ್ಲ, ಅದು ಇಳಿಯೋಕೇ ಒಂದು ವರ್ಷ ಹಿಡೀತು." ಕುಹಕವೇನಿಲ್ಲ. ಹಾಗಂತ ಹೇಳದೆಯೂ ಬಿಡಲಿಲ್ಲ.

ಕುಡಿಯಲು ನೀರು ಕೊಟ್ಟ. ನಾನು ಕಾಲು ಶತಮಾನ ಸೇದಿದ ಬಾವಿಯದು. ಸಿಹಿ.

ನಮಗೆ ಇದನ್ನು ಆವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಸ್ವಲ್ಪ ಗದರಿಯೇ ಕೇಳಿದೆ.

"ಭಾವನಿಗೆ ಹೇಳಿದ್ದೆನಲ್ಲ. ಗುಳಿ ತೋಡಿ ತೋರಿಸಿದ್ದೆ. ಅವರೂ ಒಪ್ಪಿದ್ರು." ಟವೆಲಿನಿಂದ ಬಾಯಿ ಒರೆಸಿಕೊಂಡ. "ಮನೇಲಿ ಹೇಳಿ ಅಂದೆ. ಅದಕ್ಕೆ ಅವರು… ಬಿಡಿ ಅಕ್ಕ, ಹಳೇ ಮಾತು."

"ಹೇಳು."

"'ಅವಳಿಗೆ ಹೇಳೋದಕ್ಕಿಂತ ಮನೆ ಸಾಗಿಸೋದು ಸುಲಭ ಕಣೋ' ಅಂದ್ರು. ಇಬ್ಬರೂ ತುಂಬ ನಕ್ಕಿದ್ವಿ."

ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ, ಅವನ ಮನೆಯ ಜಗಲಿ.

ಆ ಸಲ ಮನೆ ಸಾಗಿಸುವಾಗ ಬಾಗಿಲುಗಳನ್ನೂ ಬಿಡಬಾರದು ಅಂದಿದ್ದೆ, ಒಳ್ಳೆಯ ಮರ ಅಂತ. ಯಜಮಾನರು ಒಂದೊಂದೇ ಕಳಚಿ ಬೆನ್ನ ಮೇಲೆ ಹೊತ್ತು ಟ್ರಾಕ್ಟರಿಗೆ ಹಾಕಿದರು. ಐದು ಬಾಗಿಲು. ಅಲ್ಲೇ ಸೊಂಟ ಹೋದದ್ದು. ಆಮೇಲೆ ಹದಿನಾರು ವರ್ಷ, ಸಾಯುವ ತನಕ, ಬಗ್ಗಿಯೇ ನಡೆದರು. ನೆಟ್ಟಗೆ ನಿಲ್ಲಿ, ನೋಡಿದವರು ಏನಂದಾರು ಅಂತ ನಾನು ಬೈಯುತ್ತಿದ್ದೆ.

ಬಸ್ಸು ಬಂತು.

ಮಾರ್ಚ್ 24

ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಮಗ ಪೇಪರ್ ತಂದಿದ್ದಾನೆ. ಕನ್ನಡಕ ಸರಿಯಿಲ್ಲ ಅಂದೆ. ಡಾಕ್ಟರ ಹತ್ತಿರ ಹೋಗಿದ್ಯಲ್ಲ ಅಂದ. ಸೈನ್ ಹೊರಡುವ ಮುಂಚೆ ಹಾಕಿದರಾಯಿತಂತೆ, ಲಾರಿ ಗುರುವಾರಕ್ಕೆ ಹೇಳಿದ್ದಾನೆ. ಸೊಸೆ ನನ್ನ ಮುಖ ನೋಡಿದಳು, ಹೇಗಿತ್ತು ಅಂತ ಕೇಳಲಿಲ್ಲ. ಎಲ್ಲಿಗೆ ಹೋಗಿದ್ದೆ ಅಂತ ಅವಳಿಗೆ ಗೊತ್ತು. ಚಪ್ಪಲಿಗೆ ಅಂಟಿದ್ದ ಕೆಂಪು ಮಣ್ಣು ತೊಳೆದಿಟ್ಟವಳು ಅವಳೇ.

ಮಧ್ಯಾಹ್ನ ಟ್ರಂಕು ತೆಗೆದು ಕೂತಳು. ನನ್ನ ಸೀರೆಗಳನ್ನು ಮಡಿಸುತ್ತಿದ್ದಳು. ಅಂಚಿಗೆ ಅಂಚು ಕೂಡಿಸಿ, ನಾನು ಹೇಳಿಕೊಟ್ಟ ಹಾಗೇ. ಹೇಳಿದ್ದನ್ನೆಲ್ಲ ಹಾಗೇ ಮಾಡುತ್ತಾಳೆ. ಅದನ್ನು ನೋಡುತ್ತ ಕೂರಲು ಆಗಲಿಲ್ಲ. ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ.

ಮಾರ್ಚ್ 26, ಬೆಳಿಗ್ಗೆ ಎಂಟು

ಇವತ್ತು ಕಾಲುವೆಯಲ್ಲಿ ನಮ್ಮ ಪಾಳಿ. ನಾಳೆ ಲಾರಿ. ಅಂದರೆ ಕೊನೆಯ ನೀರು.

ಆರಕ್ಕೆ ಮಗ ತೂಬಿನ ಹಲಗೆ ಎತ್ತಿದ. ನೀರು ನುಗ್ಗಿತು. ನಾನು ಬದುವಿನ ಮೇಲೆ ನಿಂತಿದ್ದೆ. ಅವನು ಪ್ಯಾಂಟು ಮಡಿಚಿ ಹೊಲಕ್ಕಿಳಿದು ಹಿಮ್ಮಡಿ ನೋಡಿಕೊಂಡ. "ಇನ್ನೂ ಬೇಕಮ್ಮ," ಅಂದ. ಚಿಕ್ಕವನಾಗಿದ್ದಾಗ ಹೀಗೇ ಕೂಗಿ ಹೇಳುತ್ತಿದ್ದ.

ಹಲಗೆ ಇಳಿಸಿದೆ. ಎರಡು ಕೈಯಲ್ಲೂ ಒತ್ತಬೇಕಾಯಿತು. ಆಮೇಲೆ ಅದರ ಮೇಲೆಯೇ ಕೂತೆ.

"ಏನಮ್ಮ ಇದು? ಪಾಳಿ ಹೋಗುತ್ತೆ. ಏಳು."

"ಹೋಗಲಿ."

"ಮೈ ಹುಷಾರಿಲ್ವಾ?"

"ಗುದ್ದಲಿ ತಗೊಂಡು ಬಾ. ನಿನ್ನ ಹೆಂಡತೀನೂ ಕರಿ. ಆ ಹುಡುಗಿ ಬರೆದುಕೊಟ್ಟ ನಕ್ಷೆ ತರೋಕೆ ಹೇಳು. ಲಾರಿಯವನಿಗೆ ಬೇಡ ಅಂತ ಫೋನ್ ಮಾಡು."

ನೀರು ಅವನ ಕಾಲಿನ ಸುತ್ತ ಇಂಗುತ್ತಿತ್ತು. "ಮನೆತನ, ಮನೆತನ ಅಂತ ಬೆಳೆಸಿದ್ದು ನೀನೇ," ಅಂದ. ಸಿಟ್ಟಿತ್ತು. ಇರಲಿ.

ಹೌದು ಅಂದೆ. ಅಷ್ಟೇ ಹೇಳಲು ಆದದ್ದು. ಅವನು ಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದ. ಸೊಸೆ ಗುದ್ದಲಿ ಹಿಡಿದು ಓಡಿ ಬಂದಳು. ಎಲ್ಲಿಂದ ಶುರು ಮಾಡ್ತೀಯ ಅಂತ ಮಾತ್ರ ಕೇಳಿದೆ. ಅವಳು ಕಣ್ಣು ಒರೆಸಿಕೊಂಡು, ಹಳ್ಳದ ಕಡೆಯಿಂದ ಅತ್ತೆ, ಅಂದಳು.

ಈಗ ನಾನು ಮನೆಯೊಳಗೆ ಬರೆಯುತ್ತಿದ್ದರೆ ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ, ಯಜಮಾನರು ಹೊತ್ತು ತಂದ ಬಾಗಿಲು. ನಕ್ಷೆಯ ಮೇಲೆ ಗೆರೆ ಎಳೆಯಲು ಪೆನ್ನು ಬೇಕಂತೆ. ಮನೆಯಲ್ಲಿದ್ದ ಇನ್ನೊಂದು ಪೆನ್ನು ಟ್ರಂಕಿನ ತಳಕ್ಕೆ ಹೋಗಿದೆಯಂತೆ. ಇರು, ಕೊಡ್ತೀನಿ ಅಂದೆ. ಬಾಯಲ್ಲಿ ಹೇಳಲು ಇನ್ನೆಷ್ಟು ದಿನ ಬೇಕೋ. ಇಲ್ಲಾದರೂ ಒಂದು ಸಲ ಬರೆದಿಟ್ಟು ಈ ಪೆನ್ನು ಕೊಡುತ್ತೇನೆ. ಯಜಮಾನರೇ, ತಪ್ಪು ನೆಲದ್ದಲ್ಲ, ನಾನು —