ಅಣಬೆ ಪುಡಿಯ ರೊಟ್ಟಿ

೨೧ ನವೆಂಬರ್, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಜೋಳದ ಹಿಟ್ಟಿಗೆ ಅಣಬೆ ಪುಡಿ ಬೆರೆಸಿ ಮಾಡಿದ ರೊಟ್ಟಿಯನ್ನು ಇವತ್ತು ಹತ್ತಿಮತ್ತೂರಿನ ಹೆಂಗಸರಿಗೆ ರುಚಿ ನೋಡಲು ಕೊಟ್ಟೆ. ಎಲ್ಲರೂ "ಛಲೋ ಐತ್ರಿ" ಅಂದರು. ಎರಡು ವರ್ಷದ ಸಂಶೋಧನೆ ಗೆದ್ದಿತೆಂದು ಹಿಗ್ಗಿದೆ. ಕೈ ತೊಳೆಯಲು ಅವರಲ್ಲೊಬ್ಬರಾದ ಶಾರವ್ವನವರ ಹಿತ್ತಲಿಗೆ ಹೋದರೆ, ಅವರ ಎಮ್ಮೆ ನನ್ನ ರೊಟ್ಟಿ ಮೆಲ್ಲುತ್ತಿತ್ತು.

"ಯಾಕ ಶಾರವ್ವಾರ, ಸೇರಲಿಲ್ಲೇನ್ರಿ?"

"ಮಣ್ಣಿನ ವಾಸನಿ ಬರ್ತೈತ್ರಿ ಅಕ್ಕಾರ. ನೀವು ಅಷ್ಟು ಆಸೆಯಿಂದ ತಂದೀರಿ, ಮುಖದ ಮ್ಯಾಲೆ ಹೆಂಗ ಹೇಳೂದ್ರಿ?"

ಉಳಿದವರೂ ದಾಕ್ಷಿಣ್ಯಕ್ಕೇ ಹೊಗಳಿರಬೇಕು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ನಾಳೆ ನನ್ನ ಸಂಶೋಧನೆಯ ಮಾರ್ಗದರ್ಶಕ ಸರ್ ಕೇಳಿದರೆ ರೊಟ್ಟಿ ಸೋತಿತು ಎಂದೇ ಹೇಳಬೇಕು. ಪುಡಿಯನ್ನು ಮೊದಲು ಹುರಿದು ನೋಡಿದರೆ ಆ ವಾಸನೆ ಹೋದರೂ ಹೋದೀತು.