ಎಡಕ್ಕೆ ಬಂದ ಚೆಂಡು

ಅಕ್ಟೋಬರ್ 8, ಬುಧವಾರ. ಸಂಜೆ

ಹಾಸ್ಟೆಲ್‌ನಿಂದ ಬಂದು ಕಾಫಿಗಿಟ್ಟು ಬೀರು ತೆಗೆದೆ. ವಿಡಿಯೋ ಗೇಮ್ ಇಲ್ಲ.

ದಸರಾ ರಜೆಗೆ ಮುಂಚೆ ಪಿಯುಸಿ ಹುಡುಗಿಯೊಬ್ಬಳ ದಿಂಬಿನ ಕೆಳಗೆ ಸಿಕ್ಕಿದ್ದು. ಅಂಗೈಗಿಂತ ಕೊಂಚ ದೊಡ್ಡ ಪರದೆ, ಎರಡೂ ಕಡೆ ಬಟನ್ನು. ಮೊಬೈಲೂ ಇಲ್ಲ, ಇಂಥದ್ದೂ ಇಲ್ಲ ಅಂತ ಹಾಸ್ಟೆಲ್ ರೂಲ್ಸು. ಅವಳ ಅಪ್ಪ ಬಂದಾಗ ಕೊಡೋಣ ಅಂತ ಮನೆಗೆ ತಂದಿಟ್ಟಿದ್ದೆ. ಸೀರೆಗಳನ್ನೆಲ್ಲ ಕೊಡವಿ ನೋಡಿದೆ. ಕೊನೆಗೆ ಸಿಕ್ಕಿದ್ದು ನಡುಮನೆಯಲ್ಲಿ, ಬುದ್ಧನ ಪಟದ ಹಿಂದೆ. ಮುಟ್ಟಿದರೆ ಇನ್ನೂ ಬಿಸಿ.

ಮನೆಯಲ್ಲಿರುವವರು ಇಬ್ಬರೇ. ನಾನಂತೂ ಆಡಿಲ್ಲ.

ಇವರನ್ನು ಕೇಳಿದೆ. ಅದರಲ್ಲಿ ಟೆನಿಸ್ ಆಟ ಇದೆ, ಸುಮ್ಮನೆ ಟೈಮ್ ಪಾಸ್ ಅಂದರು. ಬಸ್ಸು ಓಡಿಸಿ ಬಂದು ಚಾಪೆಗೆ ಬೆನ್ನು ಕೊಟ್ಟರೆ ಸಾಕು ಅನ್ನುವ ಮನುಷ್ಯ. ಟೆನಿಸ್ ಕೋರ್ಟನ್ನು ಕಣ್ಣಾರೆ ಕಂಡವರೂ ಅಲ್ಲ. ಟೈಮ್ ಪಾಸ್ ಆದರೆ ಪಟದ ಹಿಂದೆ ಬಚ್ಚಿಡುವುದೇಕೆ? ವಾರ್ಡನ್ ಆದವಳಿಗೆ ಅನುಮಾನ ಪಡುವುದಕ್ಕೇ ಸಂಬಳ. ನೋಡೋಣ.

ಅಕ್ಟೋಬರ್ 11, ಶನಿವಾರ

ಸೌಂಡ್ ಇಲ್ಲದೆ ಆಡುತ್ತಾರೆ. ನಾನು ಬಟ್ಟೆ ಮಡಿಸಿಕೊಂಡು ಒಳಗೆ ಬಂದೆ — ತಟಕ್ಕನೆ ಬೋರಲು ಹಾಕಿದರು. ಕಸಿದು ನೋಡಿದೆ. ಹಸಿರು ಕೋರ್ಟು. ಆ ಕಡೆ ಹಳದಿ ಲಂಗದ ಹುಡುಗಿ, ಬ್ಯಾಟು ಹಿಡಿದು ಕುಣಿಯುತ್ತಿದ್ದಾಳೆ. ಯಾರಿವಳು ಅಂದೆ. ಕಂಪ್ಯೂಟರ್ ಬೊಂಬೆಯಂತೆ. ಹಾಸ್ಟೆಲ್ ಹುಡುಗಿಯರನ್ನು ವಿಚಾರಿಸಿದರೆ, ಆನ್‌ಲೈನ್‌ನಲ್ಲಿ ಯಾರ ಜೊತೆ ಬೇಕಾದರೂ ಆಡಬಹುದು ಮೇಡಂ, ಮೆಸೇಜೂ ಕಳಿಸಬಹುದು ಅಂದರು.

ಊಟಕ್ಕೆ ಬೀನ್ಸ್ ಪಲ್ಯ. ಅನ್ನ ಸಾರು ಖಾಲಿ, ಪಲ್ಯ ಹಾಗೇ ಇದೆ. ಕೇಳಿದರೆ "ಎಲ್ಲಿ?" ಅಂದರು. ಕಣ್ಣೆದುರು ಗುಡ್ಡೆ ಬಿದ್ದಿರುವ ಪಲ್ಯ! ತಟ್ಟೆ ತಿರುಗಿಸಿ ಇಟ್ಟೆ. ಆಗ ತಿಂದರು. ಬಸ್ಸು ಹೊರಡುವ ಕಡೂರಿನಲ್ಲಿ ಎಲ್ಲೋ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದಾರೆ. ಇಲ್ಲಿ ನನ್ನನ್ನು ಸಮಾಧಾನ ಮಾಡಲು ನಾಲ್ಕು ತುತ್ತು.

ಅಕ್ಟೋಬರ್ 14, ಮಂಗಳವಾರ

ಬಚ್ಚಲ ಹಿಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಅಡುಗೆಮನೆ ಕಿಟಕಿಯ ಬಳಿ ನಿಂತು ಕೇಳಿಸಿಕೊಂಡೆ. ಹೌದು, ಕದ್ದು ಕೇಳಿದೆ.

"ಸ್ಫೂರ್ತಿ ಮೇಡಂ, ಮನೇಲಿ ಇನ್ನೂ ಹೇಳಿಲ್ಲ. ನೀವೂ ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ."

ಒಲೆ ಮೇಲಿದ್ದ ಹಾಲು ಉಕ್ಕಿ ಹೋಗುವುದನ್ನು ನೋಡುತ್ತಾ ನಿಂತಿದ್ದೆ.

ಹಳದಿ ಲಂಗದವಳಿಗೆ ಹೆಸರು ಸಿಕ್ಕಿತು.

ಅಕ್ಟೋಬರ್ 16, ಗುರುವಾರ

ತರೀಕೆರೆಯಲ್ಲಿ ಆಫೀಸ್ ಕೆಲಸ ಅಂತ ಹೇಳಿ ಇವರದೇ ಬಸ್ಸು ಹತ್ತಿದೆ. ಕಡೂರಿನಿಂದ ನಮ್ಮ ಅಜ್ಜಂಪುರದ ಮೇಲೆ ತರೀಕೆರೆಗೆ ಹೋಗುವ ಪ್ರೈವೇಟ್ ಬಸ್ಸು, ಇವರು ಹತ್ತಾರು ವರ್ಷದಿಂದ ಅದೇ ರೂಟು. ಹಿಂದಿನ ಸೀಟು ಹಿಡಿದು ಕೂತೆ. ಹತ್ತಿದ ಹೆಂಗಸರನ್ನೆಲ್ಲ ಅಳೆದು ನೋಡಿದೆ. ಸ್ಫೂರ್ತಿ ಅನ್ನಬಹುದಾದವರು ಯಾರೂ ಕಾಣಲಿಲ್ಲ.

ಕಂಡಕ್ಟರ್ ಲಕ್ಷ್ಮಣಪ್ಪ ಮಾತ್ರ ವಿಚಿತ್ರ. ಪಕ್ಕದ ಶಿವನಿ ಊರಿನವರು, ಇವರ ಜೋಡಿ, ಇಬ್ಬರೂ ಅಣ್ಣತಮ್ಮಂದಿರ ಹಾಗೆ. ಮೊದಲೆಲ್ಲ ಬಸ್ಸಿನ ಉದ್ದಗಲ ಓಡಾಡಿ ಟಿಕೆಟ್ ಕೊಡುತ್ತಿದ್ದವರು ಇವತ್ತು ಮುಂಬಾಗಿಲು ಬಿಟ್ಟು ಕದಲಲಿಲ್ಲ. ಹಿಂದಿನವರು ಟಿಕೆಟ್ ಟಿಕೆಟ್ ಅಂತ ಕೂಗಿ ಸುಸ್ತಾದರು. ಈ ಮಹಾರಾಯರು ಬಾಗಿಲಲ್ಲಿ ಜೋತುಬಿದ್ದು "ಲೆಫ್ಟ್ ಕ್ಲಿಯರ್... ಸೈಕಲ್ ಐತೆ ನಿಧಾನ... ಲೆಫ್ಟ್ ಕ್ಲಿಯರ್, ರೈಟ್ ರೈಟ್" ಅಂತ ದಾರಿಯುದ್ದಕ್ಕೂ ಜಪ. ನಾನು ಇಳಿಯುವಾಗ ನಮಸ್ಕಾರ ಅಕ್ಕಾ ಅಂದವರೇ ಮುಖ ಆ ಕಡೆ ತಿರುಗಿಸಿದರು.

ಲಕ್ಷ್ಮಣಪ್ಪನವರಿಗೂ ಗೊತ್ತಿದೆ. ಇಬ್ಬರೂ ಸೇರಿಕೊಂಡು ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ.

ಅಕ್ಟೋಬರ್ 21, ಮಂಗಳವಾರ

ಊರೆಲ್ಲ ಪಟಾಕಿ. ಹಾಸ್ಟೆಲ್‌ಗೆ ರಜೆ, ಇವರಿಗೆ ಮಧ್ಯಾಹ್ನದ ಟ್ರಿಪ್ಪಿಲ್ಲ.

ಆಶ್ಚರ್ಯ — ಇವರೇ ಕರೆದರು, ಬಾ ಆಡೋಣ ಅಂತ. ಆ ಯಂತ್ರದ ಎರಡು ಪಕ್ಕೆಗಳನ್ನೂ ಕಿತ್ತು ಒಂದನ್ನು ನನ್ನ ಕೈಗಿತ್ತರು. ಪರದೆಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು. ಬಟನ್ ಒತ್ತಿದರೆ ಹೊಡೆತ, ಗುಬುಟು ತಿರುಗಿಸಿದರೆ ಓಟ. ಮದುವೆಯಾದ ಹೊಸತರಲ್ಲಿ ಚೌಕಾಬಾರ ಆಡಿದ ಮೇಲೆ ಇಬ್ಬರೂ ಕೂತು ಆಡಿದ್ದು ಇದೇ. ನಗು ಬಂತು, ನಿಜ ಹೇಳಬೇಕೆಂದರೆ ಖುಷಿಯೂ ಆಯಿತು.

ಗೆದ್ದೆ. ಮತ್ತೆ ಗೆದ್ದೆ. ಜೀವಮಾನದಲ್ಲಿ ಮುಟ್ಟಿರದ ಆಟವನ್ನು ಮೊದಲ ದಿನವೇ ಗೆಲ್ಲುವುದು ಹೇಗೆ? ಗಮನಿಸಿದೆ. ಬಲಕ್ಕೆ ಹೊಡೆದರೆ ಚೆನ್ನಾಗಿಯೇ ವಾಪಸ್ ಹೊಡೆಯುತ್ತಾರೆ. ಎಡಕ್ಕೆ ಹೊಡೆದರೆ ನೆಟ್ಟ ಕಂಬದ ಹಾಗೆ ನಿಲ್ಲುತ್ತಾರೆ. ಬೇಕಂತಲೇ ಸೋಲುತ್ತಿದ್ದಾರೆ. ಎಲ್ಲೋ ತಪ್ಪು ಮಾಡಿ ಬಂದ ಗಂಡಸು ಹೆಂಡತಿಗೆ ಮೈಸೂರುಪಾಕು ತಂದುಕೊಡುವ ಹಾಗೆ.

ಹಾಗಂತ ಮುಖಕ್ಕೇ ಹೇಳಿದೆ. ನನ್ನನ್ನು ಪೂಸಿ ಹೊಡೆಯುವ ಅಗತ್ಯ ಇಲ್ಲ, ಏನಿದ್ದರೂ ಬಾಯಿಬಿಟ್ಟು ಹೇಳಿ ಅಂದೆ. ಇವರು ಪರದೆ ಆಫ್ ಮಾಡಿದರು.

ಅಕ್ಟೋಬರ್ 25, ಶನಿವಾರ. ರಾತ್ರಿ

ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆ ಇವರ ಫೋನಿನಿಂದ ನಂಬರ್ ತೆಗೆದುಕೊಂಡು ಸ್ಫೂರ್ತಿಗೆ ಫೋನ್ ಮಾಡಿದೆ. ಕಡೂರಿನ ಕನ್ನಡಕದ ಅಂಗಡಿಯಂತೆ. ಒಳ್ಳೆ ಸೀರೆ ಉಟ್ಟು, ಜಗಳಕ್ಕೆ ಮಾತು ಜೋಡಿಸಿಕೊಂಡು, ರೈಲು ಹತ್ತಿದೆ.

ಕಣ್ಣು ಪರೀಕ್ಷೆ ಮಾಡುವ ಹುಡುಗಿ. ನನ್ನ ಹಾಸ್ಟೆಲ್‌ನಲ್ಲಿ ಇರಬಹುದಾದಷ್ಟು ಚಿಕ್ಕವಳು. ಡ್ರೈವರ್ ಕೆಂಪರಾಜು ಅವರ ಹೆಂಡತಿ ಅಂದ ತಕ್ಷಣ ಎದ್ದು ನಿಂತು, "ಸದ್ಯ ಬಂದ್ರಲ್ಲ ಆಂಟಿ" ಅಂದಳು.

ಕೂರಿಸಿ ಬಿಡಿಸಿ ಹೇಳಿದಳು. ಇವರಿಗೆ ನೇರಕ್ಕೆ ನೋಡಿದರೆ ಸಣ್ಣ ಅಕ್ಷರವೂ ಕಾಣುತ್ತದೆ. ಆದರೆ ಎಡಗಡೆಯ ಅರ್ಧ ಕಾಣುವುದಿಲ್ಲ, ಎರಡು ಕಣ್ಣಿಗೂ. ಕನ್ನಡಕದಿಂದ ಆಗುವ ಕೆಲಸ ಅಲ್ಲ. ತಲೆಯೊಳಗೆ ಏನೋ ಆಗಿರಬೇಕು, ಶಿವಮೊಗ್ಗದಲ್ಲಿ ದೊಡ್ಡ ಡಾಕ್ಟರಿಗೆ ಕೂಡಲೇ ತೋರಿಸಿ, ಬಸ್ಸು ಮುಟ್ಟಬೇಡಿ ಅಂತ ಪರೀಕ್ಷೆ ಮಾಡಿದ ದಿನವೇ ಹೇಳಿದ್ದಳಂತೆ. ಇವರು ಹೂಂ ಅಂದು ಎದ್ದು ಬಂದವರು, ಸೀದಾ ಹೋಗಿ ಸ್ಟೇರಿಂಗ್ ಹಿಡಿದಿದ್ದಾರೆ.

ಪಲ್ಯ ಇದ್ದದ್ದು ತಟ್ಟೆಯ ಎಡಗಡೆ. ಲಕ್ಷ್ಮಣಪ್ಪ ಜೋತುಬಿದ್ದದ್ದು ಎಡಗಡೆ ಬಾಗಿಲಿಗೆ. ಥೂ, ನನ್ನ ಬುದ್ಧಿಗಿಷ್ಟು.

ಇವರು ಬಂದ ಮೇಲೆ ಏನೂ ಹೇಳದೆ ಸ್ಟೂಲಿನ ಮೇಲೆ ಆಟ ಹೂಡಿದೆ. ಬಲಕ್ಕೆ ಹೊಡೆದೆ, ವಾಪಸ್ ಬಂತು. ಎಡಕ್ಕೆ ಹೊಡೆದೆ, ನಿಂತಲ್ಲೇ ನಿಂತರು. ಮತ್ತೂ ಎಡಕ್ಕೆ. ಮತ್ತೂ. ಆಮೇಲೆ ನನ್ನಿಂದಾಗಲಿಲ್ಲ. ಕೈಲಿದ್ದ ಬಟನ್ನಿನ ಪಕ್ಕೆ ಕೆಳಗಿಟ್ಟು ಅತ್ತುಬಿಟ್ಟೆ.

"ಕಡೂರಿಗೆ ಹೋಗಿದ್ಯಾ?" ಅಂದರು.

"ಹೋಗಿದ್ದೆ. ಬಸ್ ತುಂಬಾ ಜನ ಇರ್ತಾರೆ ಕಣ್ರೀ."

ಸಂಜೆ ಶಿವನಿಯಿಂದ ಲಕ್ಷ್ಮಣಪ್ಪನವರನ್ನು ಕರೆಸಿದೆ. ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. "ಎಡಗಡೆ ನಾನ್ ನೋಡ್ಕಳ್ತಿದ್ದೆ ಅಕ್ಕಾ. ಒಂದ್ ಸೈಕಲ್ಲಿಗೂ ತಗುಲ್ಸಿಲ್ಲ" ಅಂದರು. ದೊಡ್ಡ ಉಪಕಾರ ಮಾಡಿದ ಮುಖ. ಬೈದೆ, ಇಬ್ಬರಿಗೂ. ಲಕ್ಷ್ಮಣಪ್ಪನವರೇ, ನೀವು ಕೆಮ್ಮಿದಾಗ ಎಡಗಡೆಯಿಂದ ಮಗು ಅಡ್ಡ ಬಂದರೆ ಏನು ಮಾಡುತ್ತಿದ್ದಿರಿ ಅಂದೆ.

ಆಟ ಯಾಕೆ ಅಂತ ಆಮೇಲೆ ತಿಳಿಯಿತು. ದಿನಾ ತಮಗೆ ತಾವೇ ಪರೀಕ್ಷೆ ಕೊಟ್ಟುಕೊಳ್ಳುತ್ತಿದ್ದರಂತೆ.

"ಎಡಗಡೆ ಬಂದ ಚೆಂಡು ಹೊಡದ್ರೆ ಕಣ್ ಬಂತು ಅಂತ ತಾನೇ? ಸ್ಟೇರಿಂಗ್ ಬಿಟ್ರೆ ಇನ್ನೇನೂ ಬರಲ್ಲ ಕಣೇ ನಂಗೆ."

ಜ್ವರ ಅಂತ ಓನರ್ ರುದ್ರಮೂರ್ತಿಯವರಿಗೆ ಫೋನ್ ಮಾಡಿಸಿ ಒಂದು ವಾರ ರಜೆ ಹಾಕಿಸಿದೆ. ಶಿವಮೊಗ್ಗದ ಡಾಕ್ಟರ್ ಸಿಗುವುದು ನವೆಂಬರ್ 3ರ ಸೋಮವಾರ. ಅಲ್ಲಿಯವರೆಗೆ ಇವರು ಬಸ್ಸು ಮುಟ್ಟಬಾರದು. ನನಗೆ ಬೇಕಾದ್ದು ಅದೊಂದೇ.

ಅಕ್ಟೋಬರ್ 29, ಬುಧವಾರ

ಮನೆಯಲ್ಲೇ ಇದ್ದಾರೆ. ಬೆಳಗಿನಿಂದ ಸಂಜೆವರೆಗೆ ಟೆನಿಸ್. ಹಳದಿ ಲಂಗದವಳ ಮೇಲೆ ನನಗೀಗ ಸಿಟ್ಟಿಲ್ಲ. ಆಡಲಿ, ಮನೆಯಲ್ಲಿದ್ದರೆ ಸಾಕು.

ಆದರೂ ನಂಬಿಕೆ ಸಾಲದು. ಹಾಸ್ಟೆಲ್‌ನಿಂದ ಎರಡು ಸಲ ನೆಪ ಮಾಡಿಕೊಂಡು ಬಂದು ನೋಡಿ ಹೋದೆ. ಚಪ್ಪಲಿ ಬಾಗಿಲಲ್ಲೇ ಇದೆಯಾ ಅಂತ.

ಓನರ್ ಫೋನ್ ಬಂತು. ಭಾನುವಾರ ಕೆಮ್ಮಣ್ಣುಗುಂಡಿಗೆ ಸ್ಪೆಷಲ್ ಟ್ರಿಪ್, ನಮ್ಮ ಬೀದಿಯವರೇ ಹಿಡಿದಿದ್ದಾರೆ, ಘಾಟಿ ರಸ್ತೆ, ಕೆಂಪರಾಜುನೇ ಬೇಕು ಅಂದರಂತೆ. ಇವರು ನನ್ನೆದುರೇ ಆಗಲ್ಲ ಅಂದರು. ಅಂದ ಮೇಲೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ನವೆಂಬರ್ 1, ಶನಿವಾರ. ಸಂಜೆ

ಕಪ್ ಗೆದ್ದರು! ಹಳದಿ ಲಂಗದವಳನ್ನು ಸೋಲಿಸಿ. ಪಕ್ಕದಲ್ಲೇ ಕೂತು ನೋಡಿದೆ — ಎಡಗಡೆ ಬಂದದ್ದನ್ನೂ ಬಿಡದೆ ಹೊಡೆದರು. ಚಪ್ಪಾಳೆ ತಟ್ಟಿದೆ. "ನೋಡ್ದೇನೇ, ಸಿಕ್ತಾ ಐತೆ" ಅಂತ ಮಗುವಿನ ಹಾಗೆ ನಕ್ಕರು. ಎಷ್ಟು ದಿನವಾಗಿತ್ತು ಆ ನಗು ನೋಡಿ. ಅಕ್ಕಿರೊಟ್ಟಿ ಮಾಡಿದೆ, ಬಡಿಸಿದ್ದನ್ನೆಲ್ಲ ತಿಂದರು.

ನಾಳೆ ಬೆಳಿಗ್ಗೆಯೇ ಕಡೂರಿಗೆ ಹೋಗಿ ಓನರ್ ಎದುರು ಕೂತು ಎಲ್ಲ ಹೇಳಿ ಬರುತ್ತೇನೆ, ಫೋನಿನಲ್ಲಿ ಹೇಳುವ ಮಾತಲ್ಲ ಅಂದರು. ನಿಜ ತಾನೇ ಅಂತ ಒಂದು ಸಲ ಕೇಳಿದೆ. ನಿಜ ಅಂದರು. ನಮ್ಮ ಮನೆಯಲ್ಲಿ ದೇವರ ಮೇಲೆ ಆಣೆ ಹಾಕುವ ಪದ್ಧತಿ ಇಲ್ಲ. ಭಾನುವಾರ ಭಾನುವಾರ ಇಬ್ಬರೂ ಬುದ್ಧನ ಪಟದ ಮುಂದೆ ಪಂಚಶೀಲ ಹೇಳುವವರು, ಸುಳ್ಳಾಡುವುದಿಲ್ಲ ಅನ್ನುವುದು ಅದರಲ್ಲೇ ಇದೆ. ಅದಕ್ಕೇ ಎರಡನೇ ಸಲ ಕೇಳಲಿಲ್ಲ. ಇಷ್ಟು ದಿನ ಅನುಮಾನ ಪಟ್ಟದ್ದೇ ಜಾಸ್ತಿಯಾಯಿತು.

ನವೆಂಬರ್ 2, ಭಾನುವಾರ. ಬೆಳಿಗ್ಗೆ

ನಾನು ಏಳುವ ಮುಂಚೆಯೇ ಹೋಗಿದ್ದಾರೆ. ಪಂಚಶೀಲ ಹೇಳದೆ.

ರಂಗೋಲಿ ಹಾಕುತ್ತಿದ್ದ ಎದುರುಮನೆ ಅಂಬಮ್ಮ ಹೇಳಿದರು, "ನಮ್ಮೋರೆಲ್ಲ ಮಕ್ಳು ಮರಿ ಕರ್ಕಂಡು ಕೆಮ್ಮಣ್ಣುಗುಂಡಿಗೆ ಹೊಂಟ್ರು ಕಣಮ್ಮ. ನಿಮ್ಮೆಜಮಾನ್ರೇ ಓಡುಸ್ತಾವ್ರೆ ಅಂದ್ಮೇಲೆ ಏನ್ ಭಯ."

ಫೋನ್ ಹಚ್ಚಿದೆ. ಇವರು ಎತ್ತಲಿಲ್ಲ. ಓನರ್ ಎತ್ತಲಿಲ್ಲ. ಲಕ್ಷ್ಮಣಪ್ಪ ಬಾಗಿಲಲ್ಲಿ ಇರುತ್ತಾರಲ್ಲ, ಅಷ್ಟಾದರೂ ಸದ್ಯ ಅಂದುಕೊಂಡು ಅವರಿಗೆ ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದರು. ಹಿಂದೆ ಕೋಳಿ ಕೂಗುತ್ತಿತ್ತು. ಶಿವನಿಯಲ್ಲಿ, ಮನೆಯಲ್ಲಿದ್ದಾರೆ.

"ನಾನ್ ಬರಲ್ಲ ಅಂದ್ರೆ ಅವ್ನೂ ಹೋಗಲ್ಲ ಅನ್ಕಂಡೆ ಅಕ್ಕಾ" ಅಂದರು.

ಅಂದರೆ ಬಾಗಿಲಲ್ಲಿ ಯಾರೋ ಹೊಸಬ. ಎಡಗಡೆ ನೋಡುವವರು ಯಾರೂ ಇಲ್ಲ.

ಸ್ಟೂಲಿನ ಮೇಲಿದ್ದ ಆಟ ಹಚ್ಚಿದೆ, ಯಾಕೋ ಗೊತ್ತಿಲ್ಲ. ಹಳದಿ ಲಂಗದವಳು ಬಲಕ್ಕೆ ಹೊಡೆದಳು. ಆಮೇಲೆ ಎಡಕ್ಕೆ. ಬಲಕ್ಕೆ. ಎಡಕ್ಕೆ. ಬೇರೆ ಏನೂ ಬರುವುದಿಲ್ಲ ಅವಳಿಗೆ. ಇವರಿಗೆ ಚೆಂಡು ಕಂಡದ್ದಲ್ಲ. ಎಲ್ಲಿ ಬರುತ್ತದೆ ಅಂತ ಬಾಯಿಪಾಠ ಆಗಿದ್ದು. ಕಣ್ಣು ಬಂತು ಅಂತ ನಂಬಿಕೊಂಡು ಹೋಗಿದ್ದಾರೆ. ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದವಳು ನಾನು.

ಪೊಲೀಸರಿಗೆ ಫೋನ್ ಮಾಡಿದೆ. ಬಸ್ಸಿನ ನಂಬರ್ ಕೊಟ್ಟೆ. ತರೀಕೆರೆ ದಾಟಿರಬಹುದು, ಲಿಂಗದಹಳ್ಳಿಯಲ್ಲೇ ನಿಲ್ಲಿಸಿ, ಘಾಟಿ ಹತ್ತಲು ಬಿಡಬೇಡಿ, ಡ್ರೈವರಿಗೆ ಎಡಗಡೆಯದು ಏನೂ ಕಾಣುವುದಿಲ್ಲ ಅಂದೆ. ಹೆಸರು ಕೇಳಿದರು. ಕೆಂಪರಾಜು ಅಂದೆ. ನಿಮಗೇನಾಗಬೇಕು ಅಂದರು. ಗಂಡ ಅಂದೆ.

ತಿಳಿಸುತ್ತೇವೆ ಅಂದಿದ್ದಾರೆ. ಕಾಯುತ್ತಾ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ಲೈಸೆನ್ಸ್ ಹೋಗುತ್ತದೆ. ಊರವರೆದುರು ಪೊಲೀಸರು ಇಳಿಸುತ್ತಾರೆ, ಹೆಂಡತಿಯೇ ಹಿಡಿದುಕೊಟ್ಟಳು ಅಂತ ಆಗುತ್ತದೆ. ಇನ್ನು ನನ್ನ ಮುಖ ನೋಡದಿದ್ದರೂ ಬೇಡ. ಬದುಕಿ ಬರಲಿ. ಆ ಮಕ್ಕಳೆಲ್ಲ ಬರಲಿ.

ಫೋನ್ ಬಡಿದುಕೊಳ್ಳುತ್ತಿದೆ. ಪೊಲೀಸರದಲ್ಲ. ಇವರದೇ ನಂಬರು. ಮಾತಾಡುವ ದನಿಯೂ ಇವರದೇ ಆಗಿರಲಿ, ಬೇರೆ ಯಾರದೋ ಆಗದಿರಲಿ. ಎತ್ತುತ್ತೇನೆ.