ಅನ್ಸೆಲ್ಮೊನ ಮೂರು ವರ್ಷಗಳು

ಲಾ ಸೇಯ್ಬಿತಾ
ನವೆಂಬರ್ ಇಪ್ಪತ್ತೆರಡು, ಶುಕ್ರವಾರ

ನನ್ನ ಮುದ್ದು ತಮ್ಮ ಕುಕೋಗೆ, ಅಕ್ಕ ದಾಮಿಯಾನಾ ಮಾಡುವ ಆಶೀರ್ವಾದಗಳು.

ಇವತ್ತು ನನ್ನ ಶುಕ್ರವಾರದ ಉಪವಾಸ. ಮಧ್ಯಾಹ್ನ ಮೂರರವರೆಗೆ ಕಪ್ಪು ಕಾಫಿ ಬಿಟ್ಟರೆ ಬೇರೇನೂ ಇಲ್ಲ. ಅಂಗಳ ಗುಡಿಸಿ, ಕೋಳಿಗಳನ್ನು ಬಿಟ್ಟು, ಮರಗೆಣಸು ಸುಲಿದು ನೀರಿಗೆ ಹಾಕಿ, ಚರ್ಚಿನ ಪೀಠದ ಬಟ್ಟೆಗೆ ಇಸ್ತ್ರಿ ಮುಗಿಸಿ ಕೂತಿದ್ದೇನೆ. ಕಬ್ಬಿನ ಮೇಲೆ ಮಂಜು ಇನ್ನೂ ಹಾಗೇ ಇದೆ. ಹೊಟ್ಟೆ ಖಾಲಿಯಿದ್ದಾಗ ಆ ಮಂಜಿನೊಳಗಿಂದ ಯಾರೋ ಸಣ್ಣವರು ನಡೆದು ಬರುತ್ತಿರುವ ಹಾಗೆ ಕಾಣುತ್ತದೆ. ಬರುತ್ತಲೇ ಇರುತ್ತಾರೆ, ಅಂಗಳ ಮುಟ್ಟುವುದಿಲ್ಲ.

ಈ ಮಾತನ್ನು ಫೋನಿನಲ್ಲಿ ಎತ್ತಿದಾಗಲೆಲ್ಲ ನೀನು, "ಅಕ್ಕಾ, ಅದು ಫೋನಲ್ಲಿ ಬೇಡ" ಅನ್ನುತ್ತೀ. ಆಯಿತು, ಕಾಗದದಲ್ಲೇ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹದಿನೈದು ವರ್ಷದಿಂದ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಒಂದು ಸಲವಾದರೂ ಶಾಯಿಯಲ್ಲಿ ಇರಲಿ.

ಮೊದಲು ಊರಿನ ಸುದ್ದಿ. ಸೀಸನ್ ಮುಗಿದು, ಅಲ್ಲಿಯ ಬೇಸ್‌ಬಾಲ್ ತಂಡದ ಜೊತೆ ನಿನಗಿದ್ದ ಒಪ್ಪಂದವೂ ಮುಗಿದು, ಈಗ ಯಾರು ಬೇಕಾದರೂ ನಿನ್ನನ್ನು ಕೊಳ್ಳಬಹುದಂತಲ್ಲ, ಅವತ್ತಿನಿಂದ ಪೆರ್ಸಿಯೋನ ಅಂಗಡಿಯಲ್ಲಿ ಉಪ್ಪು ಕೇಳಿದರೂ ಸಿಗುವುದಿಲ್ಲ. ಡಾಮಿನೋ ಮೇಜಿನ ಸುತ್ತ ಕೂತು ನಿನ್ನ ಬೆಲೆ ಕಟ್ಟುತ್ತಾರೆ. ಸೋಮವಾರ ನಾನು ಬ್ರೆಡ್ಡಿಗೆ ಹೋದಾಗ ಪೆರ್ಸಿಯೋ ಗಲ್ಲಾದ ಮೇಲೆ ಮೊಣಕೈ ಊರಿಕೊಂಡು ಹೇಳುತ್ತಿದ್ದ, "ಮೂವತ್ತೊಂದು ವಯಸ್ಸು, ಎಡಗೈ. ಕಣ್ಣು ಮುಚ್ಚಿಕೊಂಡು ಮೂರು ವರ್ಷಕ್ಕೆ ಬರೆಸ್ಕೋತಾರೆ, ನೋಡ್ತಿರಿ."

ಕ್ಷೌರದ ತಾತಿಕೋ ನಕ್ಕುಬಿಟ್ಟ. "ಆಗಸ್ಟಲ್ಲಿ ಅವನ ಚೆಂಡು ನೋಡಿದ್ಯೇನಯ್ಯಾ? ನಮ್ಮತ್ತೆ ಎಸೆಯೋ ಚಪ್ಪಲಿ ಅದಕ್ಕಿಂತ ಜೋರಾಗಿ ಬರತ್ತೆ."

"ಹಾಗಾದ್ರೆ ನಿಮ್ಮತ್ತೆಗೂ ಒಂದು ವರ್ಷದ ಒಪ್ಪಂದ ಕೊಡಿಸೋಣ. ಆಯಮ್ಮನ ಗುರಿ ತಪ್ಪಿದ್ದು ಇವತ್ತಿನವರೆಗೂ ನಾ ನೋಡಿಲ್ಲ."

ಇಲಾರಿಯೋ ಮೇಷ್ಟ್ರು ಕನ್ನಡಕ ಒರೆಸುತ್ತಾ, "ವೇಗ ಇಳಿದ್ಮೇಲೆ ಬುದ್ಧಿ ಬರತ್ತೆ ಕಣ್ರಪ್ಪಾ. ಕುಕೋ ಈಗ ಮೂಲೆ ನೋಡಿ ಎಸೆಯೋದು ಕಲ್ತಿದಾನೆ. ಬುದ್ಧಿಗೂ ಬೆಲೆ ಇದೆ" ಅಂದರು.

"ಮತ್ತೆ ನಿಮಗ್ಯಾಕೆ ಮೇಷ್ಟ್ರೇ ಪಿಂಚಣಿ ಅಷ್ಟು ಕಮ್ಮಿ?" ಅಂದ ಪೆರ್ಸಿಯೋ.

ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಆ ನಗುವಿನಲ್ಲೇ ತಾತಿಕೋ ಕಾಯಿ ಇಡುತ್ತಾ ಅಂದುಬಿಟ್ಟ, "ನೀವು ಏನಾದ್ರೂ ಅನ್ನಿ, ಮೂರನೇ ವರ್ಷಕ್ಕೆ ಅವನಿಗೆ ಮೂವತ್ತೇಳು ತುಂಬತ್ತೆ. ಮೂವತ್ತೇಳರ ತೋಳಿಗೆ ಯಾವನು ದುಡ್ಡು..."

ಪೆರ್ಸಿಯೋ ತಿರುಗಿ ರೇಡಿಯೋ ಜೋರು ಮಾಡಿದ. ಮೇಷ್ಟ್ರು ತಮ್ಮ ಕಾಯಿಗಳನ್ನೇ ನೋಡುತ್ತಾ ಕೂತರು. ತಾತಿಕೋ ನನ್ನ ಕಡೆ ನೋಡಿ, "ತಪ್ಪಾಯ್ತು ದಾಮಿಯಾನಾ, ನನಗೆ ಕೂಡೋ ಲೆಕ್ಕ ಸರಿಯಾಗಿ ಬರಲ್ಲ" ಅಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು, ಕುಕೋ. ಅಲ್ಲಿದ್ದ ಪ್ರತಿಯೊಬ್ಬರಿಗೂ ಅದು ಸರಿಯೆಂದು ಗೊತ್ತಿತ್ತು. ನಾನು ಬ್ರೆಡ್ಡನ್ನು ಎದೆಗವಚಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವರು ಜಗಳವಾಡುತ್ತಿರುವುದು ಯಾವ ಮೂರು ವರ್ಷಕ್ಕೆ? ಅವು ನಿನ್ನವಲ್ಲ. ಅನ್ಸೆಲ್ಮೊನವು.

ಈಗ ಬರೆದುಬಿಡುತ್ತೇನೆ. ನಮ್ಮಮ್ಮ ನಿನಗಿಟ್ಟ ಹೆಸರು ಎಲಾದಿಯೋ. ನಿನಗಿಂತ ಮೂರು ವರ್ಷ ಚಿಕ್ಕವನು ಅನ್ಸೆಲ್ಮೊ. ಹೊಳೆ ಉಕ್ಕಿ ರಸ್ತೆ ಕೊಚ್ಚಿಹೋಗಿದ್ದ ವಾರದಲ್ಲಿ ಅವನಿಗೆ ಜ್ವರ ಬಂತು. ಆರು ವರ್ಷದ ಕೂಸು, ಆಸ್ಪತ್ರೆ ಕಾಣಲಿಲ್ಲ. ಮಣ್ಣು ಮಾಡಿದೆವು, ಅತ್ತೆವು. ಪಟ್ಟಣಕ್ಕೆ ಹೋಗಿ ಸಾವು ಬರೆಸಲು ಯಾರಿಗೂ ತೋಚಲಿಲ್ಲ. ಹಾಗಾಗಿ ಸರ್ಕಾರದ ಪುಸ್ತಕದಲ್ಲಿ ಅವನು ಬದುಕಿಯೇ ಇದ್ದ, ವರ್ಷ ವರ್ಷ ದೊಡ್ಡವನಾಗುತ್ತಲೇ ಇದ್ದ.

ನಿನಗೆ ಹತ್ತೊಂಬತ್ತಾದಾಗ ಯಾವ ತಂಡವೂ ತಿರುಗಿ ನೋಡಲಿಲ್ಲ. ನಿನಗೆ ಆಟ ಕಲಿಸುತ್ತಿದ್ದ ಬೆರ್ತೋ ಒಂದು ಸಂಜೆ ಇದೇ ಅಂಗಳದಲ್ಲಿ ನಿಂತು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ಹದಿನಾರಕ್ಕೆ ಇಷ್ಟು ವೇಗ ಅಂದ್ರೆ ಚಿನ್ನ ತಾಯೀ. ಹತ್ತೊಂಬತ್ತಕ್ಕೆ ಅಂದ್ರೆ ಬರೀ ತೋಳು. ನಿಮ್ಮನೇಲಿ ಚಿಕ್ಕವನ ಕಾಗದ ಇದ್ಯಾ?" ಅಮ್ಮ ಎದ್ದು ಒಳಗೆ ಹೋದಳು. ನೀನು ನೆಲ ನೋಡುತ್ತಿದ್ದೆ. ಮಾರನೇ ದಿನ ಬಸ್ಸು ಹತ್ತಿ ಪಟ್ಟಣದಿಂದ ಅವನ ಜನನ ಪತ್ರದ ಹೊಸ ಪ್ರತಿ ತಂದವಳು ನಾನು. ಆ ಕಾಗದದಲ್ಲಿ ನೀನು ಹದಿನಾರರ ಅನ್ಸೆಲ್ಮೊ ಆದೆ. ತಂಡದವರು ವಿಚಾರಿಸಲು ಬರುತ್ತಾರೆಂದು ತಿಳಿದಾಗ ಅವನ ಪುಟ್ಟ ಸಮಾಧಿಯ ಮೇಲಿದ್ದ ಹೆಸರಿಗೆ ಸುಣ್ಣ ಬಳಿದವಳೂ ನಾನೇ. ಅವರು ಬಂದರು, ಮನೆ ಮನೆ ಕೇಳಿದರು. ಇಡೀ ಊರು, "ಕುಕೋನಾ? ನಮ್ಮ ಕಣ್ಣೆದುರೇ ಬೆಳೆದ ಹುಡುಗ ಸ್ವಾಮೀ" ಅಂದಿತು. ಯಾರೂ ಸುಳ್ಳು ಹೇಳಲಿಲ್ಲ, ನೋಡು. ಅಡ್ಡಹೆಸರು ಎಂಥ ದೊಡ್ಡ ಉಪಕಾರ ಮಾಡುತ್ತದೆ. ಅಂದಿನಿಂದ ನಿನ್ನನ್ನು ಎಲಾದಿಯೋ ಎಂದು ಯಾರೂ ಕರೆದಿಲ್ಲ. ಅನ್ಸೆಲ್ಮೊನ ನೆನಪನ್ನು ಯಾರೂ ತೆಗೆದಿಲ್ಲ. ಒಂದೇ ಸುಣ್ಣದಲ್ಲಿ ನಿಮ್ಮಿಬ್ಬರನ್ನೂ ಅಳಿಸಿದೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನಗೆ ಅದು ಪಾಪವೆಂದು ಬಹಳ ವರ್ಷ ಅನ್ನಿಸಲೇ ಇಲ್ಲ. ಟಿವಿಯಲ್ಲಿ ನೀನು ಚೆಂಡೆಸೆಯುವ ಆ ಮಣ್ಣುದಿಬ್ಬದ ಮೇಲೆ ನಿಂತು ಕಾಲೆತ್ತುವಾಗ, ಆಟದ ವಿವರಣೆ ಹೇಳುವವನು "ಅನ್ಸೆಲ್ಮೊ" ಎಂದು ಕೂಗುವಾಗ, ನನ್ನ ಕಣ್ಣಿಗೆ ನೀನು ಕಾಣುತ್ತಿರಲಿಲ್ಲ. ಆ ಕೂಸೇ ಕಾಣುತ್ತಿದ್ದ. ಅವನಿಗೆ ಗಡ್ಡ ಬಂದಿತ್ತು, ಭುಜ ಅಗಲವಾಗಿತ್ತು, ಬಿಳೀ ಬಟ್ಟೆಯಲ್ಲಿ ದೀಪಗಳ ಕೆಳಗೆ ನಿಂತು ಸಾವಿರಾರು ಜನರ ಎದುರು ಉಸಿರು ಎಳೆದುಕೊಳ್ಳುತ್ತಿದ್ದ. ದೇವರು ಕೊಡದ ಆಯುಸ್ಸನ್ನು ನಾವು ಕೊಟ್ಟೆವು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅಮ್ಮನಿಗೂ ಹಾಗೇ ಇತ್ತೋ ಏನೋ. ತನ್ನ ಮೂವರು ಆಟಗಾರ ಹುಡುಗರನ್ನು ಬದಲಿಗೆ ಕೊಟ್ಟು ನಿನ್ನೊಬ್ಬನನ್ನು ಬೇರೆ ತಂಡ ಕೊಂಡ ವರ್ಷ ಊರೆಲ್ಲ ಕುಣಿಯುತ್ತಿದ್ದರೆ ಅವಳು ಮಾತ್ರ, "ಒಬ್ಬನಿಗೆ ಮೂರು ಜನಾನ ಕೊಟ್ರಾ? ಪಾಪ, ಆ ತಾಯಂದಿರು" ಅಂದಿದ್ದಳು.

ಆದರೆ ಹೋದ ಡಿಸೆಂಬರಿನಲ್ಲಿ, ಅಮ್ಮನ ಕೊನೆಯ ದಿನಗಳಲ್ಲಿ, ನೀನು ಬಂದು ತಲುಪುವುದಕ್ಕೆ ಎರಡು ದಿನ ಮೊದಲು, ಅವಳು ನನ್ನ ಕೈ ಹಿಡಿದು ಕೇಳಿದಳು, "ನನ್ನ ಚಿಕ್ಕವನಿಗೆ ಯಾರೂ ಯಾಕೆ ಪ್ರಾರ್ಥನೆ ಮಾಡಲ್ಲ? ಅವನು ಏನು ತಪ್ಪು ಮಾಡಿದ?" ನಿನಗೆ ಇದನ್ನು ಹೇಳಿರಲಿಲ್ಲ. ಈಗ ಹೇಳಿದೆ.

ಈ ತಿಂಗಳ ಎರಡರಂದು ಸತ್ತವರ ಪೂಜೆಗೆ ಹೆಸರು ಬರೆಸಲು ಸಾಲಿನಲ್ಲಿ ನಿಂತಿದ್ದೆ. ಚರ್ಚಿನ ಕೆಲಸ ನೋಡುವ ನಿನ್ಫಾ ಅಮ್ಮ ಮೊದಲು ನಮ್ಮಪ್ಪನ ಹೆಸರು ಬರೆದರು, ಅಮ್ಮನ ಹೆಸರು ಬರೆದರು. ಆಮೇಲೆ ತಲೆ ಎತ್ತದೆ, "ಇನ್ನೊಂದು ಇದ್ಯೇನಮ್ಮಾ?" ಅಂದರು. ಅನ್ಸೆಲ್ಮೊಗೆ ದೀಕ್ಷಾಸ್ನಾನವಾದ ದಿನ ಅವನನ್ನು ಎತ್ತಿಕೊಂಡಿದ್ದವರು ಅವರೇ. ಪೆನ್ಸಿಲು ಕಾಗದದ ಮೇಲೆ ಕಾಯುತ್ತಾ ಇತ್ತು. ನನ್ನ ಹಿಂದೆ ನಿಂತಿದ್ದವರೂ ಕಾಯುತ್ತಿದ್ದರು. ನಾನು, "ಇಲ್ಲ, ಅಷ್ಟೇ" ಅಂದೆ. ಆ ದಿನ ಪಾದ್ರಿಗಳು ಊರಿನ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಕರೆದರು. ಹೊಳೆಗೆ ಬಿದ್ದು ಸತ್ತ ಕುಡುಕ ಮೆಲ್ಚೋರನನ್ನೂ ಕರೆದರು. ನಮ್ಮ ಕೂಸು ಹೊರಗೇ ನಿಂತಿತ್ತು.

ಅಂದಿನಿಂದ ಕನಸು ಬರುತ್ತಿದೆ. ಅವನು ದೀಪ ಆರಿದ ದೊಡ್ಡ ಮೈದಾನದ ನಡುವೆ ಒಬ್ಬನೇ ನಿಂತಿದ್ದಾನೆ. ನಿನ್ನ ಅಂಗಿ ಹಾಕಿಕೊಂಡಿದ್ದಾನೆ, ಅದು ಅವನ ಪಾದದವರೆಗೆ ಇಳಿದಿದೆ. ಸಿಟ್ಟಿಲ್ಲ, ದೂರಿಲ್ಲ. "ಅಕ್ಕಾ, ನಾನು ಈಗ ಇಳೀಲಾ?" ಎಂದು ಮಾತ್ರ ಕೇಳುತ್ತಾನೆ. ನಾನು ಉತ್ತರ ಹೇಳುವ ಮೊದಲೇ ಹುಂಜ ಕೂಗುತ್ತದೆ.

ಎಲಾದಿಯೋ, ಡಿಸೆಂಬರ್ ಹದಿನಾಲ್ಕಕ್ಕೆ ಅಮ್ಮ ಹೋಗಿ ವರ್ಷ ತುಂಬುತ್ತದೆ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಆಮೇಲೆ ಮನೆಯಲ್ಲಿ ಜಪಮಾಲೆ, ಬಂದವರಿಗೆ ಶುಂಠಿ ಕಷಾಯ, ಬ್ರೆಡ್ಡು. ಅವತ್ತು ಅಮ್ಮನ ಹೆಸರಿನ ಪಕ್ಕದಲ್ಲಿ ಅನ್ಸೆಲ್ಮೊನ ಹೆಸರು ಕೊಡುತ್ತೇನೆ. ಇದು ಕೇಳುತ್ತಿರುವುದಲ್ಲ, ಹೇಳುತ್ತಿರುವುದು. ಪೀಠದಿಂದ ಓದಿದ ಹೆಸರು ಊರೊಳಗೇ ಉಳಿಯುವುದಿಲ್ಲ, ನನಗೆ ಗೊತ್ತು. ವೀಸಾ ಹೋಗಬಹುದು. ಒಂದು ಸೀಸನ್ ಹೊರಗೆ ಕೂರಿಸಬಹುದು. ನಿನ್ನ ಹೆಂಡತಿ ಯೊಕಾಸ್ತಾ ನನ್ನನ್ನು ಬಾಯಿತುಂಬ ಶಪಿಸಬಹುದು, ಶಪಿಸಲಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಈ ಮನೆಯ ತಾರಸಿ, ನೀರಿನ ನಲ್ಲಿ, ನಾನು ತಿಂದ ಅನ್ನ ಎಲ್ಲ ನಿನ್ನ ತೋಳಿನಿಂದಲೇ ಬಂದದ್ದು. ಅದನ್ನೆಲ್ಲ ತಿಂದು ಈಗ ಹೀಗೆ ಬರೆಯಲು ನನಗೆ ಯಾವ ಮುಖವೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದನ್ನೇ. ಅದಕ್ಕೆ ಮೊದಲು, ಹೊಸ ಕಾಗದಕ್ಕೆ ಸಹಿ ಹಾಕುವ ಮೊದಲು, ನೀನಾಗಿ ಹೋಗಿ ಅವರಿಗೆ ಹೇಳುತ್ತೀಯಾ? ಹತ್ತೊಂಬತ್ತರಲ್ಲಿ ನೀನು ಹಸಿದಿದ್ದೆ, ಕಾಗದ ನಾನು ತಂದೆ, ಆ ತಪ್ಪು ನನ್ನದು. ಯಾರು ಕೇಳಿದರೂ ಹಾಗೇ ಹೇಳುತ್ತೇನೆ, ಪೊಲೀಸರಿಗೂ. ಈ ಸಲ ಸಹಿ ಹಾಕಿದರೆ ಮಾತ್ರ ಅದು ನಿನ್ನ ಕೈ. ಮೂವತ್ತನಾಲ್ಕರ ಎಡಗೈಗೆ ಒಂದು ವರ್ಷ ಕೊಟ್ಟಾರು, ಕೊಡದೆಯೂ ಇದ್ದಾರು. ಕೊಟ್ಟರೆ ಆ ಒಂದು ವರ್ಷ ನಿನ್ನದು. ಕೊಡದಿದ್ದರೆ ಬಾ. ಇಲ್ಲಿಯ ಚಳಿಗಾಲದ ತಂಡದವರು ಮೂಲೆ ನೋಡಿ ಎಸೆಯುವವನನ್ನು ಬೇಡವೆನ್ನುವುದಿಲ್ಲ, ಮೇಷ್ಟ್ರು ಹೇಳಿದ್ದಾರೆ.

ನೀನು ಬೇಡವೆಂದು ಬರೆದರೂ ನಾನು ಹೆಸರು ಕೊಡುತ್ತೇನೆ. ಹೌದೆಂದು ಬರೆದರೆ ಅವತ್ತು ಅಳದೆ ನಿಲ್ಲುತ್ತೇನೆ. ಅಷ್ಟೇ ವ್ಯತ್ಯಾಸ. ಆದರೆ ಅದು ನನಗೆ ಸಣ್ಣದಲ್ಲ.

ಚಿಕ್ಕಂದಿನಲ್ಲಿ ಮನೆಯಿಂದ ಹೊರಡುವಾಗ ನೀನು ಬಾಗಿಲಲ್ಲಿ ನಿಂತು, "ಅಕ್ಕಾ, ಆಶೀರ್ವಾದ" ಅನ್ನುತ್ತಿದ್ದೆ. ನೀನು ಕೇಳದೆಯೇ ಇವತ್ತು ಕೊಡುತ್ತಿದ್ದೇನೆ. ಮೂವತ್ತನಾಲ್ಕು ವರ್ಷದ ನನ್ನ ತಮ್ಮ ಎಲಾದಿಯೋನನ್ನು ದೇವರು ಕಾಯಲಿ, ಅಲ್ತಾಗ್ರಾಸಿಯಾ ಮಾತೆ ಅವನ ತೋಳಿನ ಮೇಲೆ ಕೈಯಿಟ್ಟಿರಲಿ.

ನಿನ್ನ ಅಕ್ಕ,
ದಾಮಿಯಾನಾ

ಈ ಕಾಗದ ತರುತ್ತಿರುವ ನಿನ್ಫಾ ಅಮ್ಮನ ಮಗಳು ವಿತ್ತೋರಿಯಾ ಡಿಸೆಂಬರ್ ಹತ್ತಕ್ಕೆ ವಾಪಸು ಬರುತ್ತಾಳೆ. ಉತ್ತರ ಬರೆದು ಅವಳ ಕೈಗೇ ಕೊಡು. ಅವಳ ಬಸ್ಸು ಬರುವ ಹೊತ್ತಿಗೆ ಮೋಟಾರ್‌ಸೈಕಲ್ ತೆಗೆದುಕೊಂಡು ಹೆದ್ದಾರಿಗೆ ಹೋಗಿ ನನಗೆ ಬಂದ ಕಾಗದ ತಂದುಕೊಡು ಎಂದು ತಾತಿಕೋಗೆ ಹೇಳಿಟ್ಟಿದ್ದೇನೆ.